ಕತ್ತರಿಸಿಟ್ಟ ಅರ್ಧ ಫೋಟೋ

ಆ ಫೋಟೋ ಕೊಟ್ಟವನು ನಾನೇ, ಮಾಬೂ. ನಿನ್ನ ಪೇಟೆಂಟ್ ಅರ್ಜಿ ಬಿದ್ದುಹೋದದ್ದು ನನ್ನಿಂದ — ಏಳು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆ.

ರಾಣೆಬೆನ್ನೂರಿನ ನಮ್ಮ ಶೆಡ್ಡಿನಲ್ಲಿ ನಿನ್ನದು ಲೇಥು, ನನ್ನದು ವೆಲ್ಡಿಂಗು. ಗಾಡಿ ತೊಳೆದ ನೀರಿನಿಂದ ಎಣ್ಣೆ ತೆಗೆಯುವ ಯಂತ್ರ ಕಟ್ಟಿದವನು ನೀನು. ತಿರುಗುವ ಪಟ್ಟಿಯೊಂದು ನೀರಿಗಿಳಿದು ಎಣ್ಣೆ ಅಂಟಿಸಿಕೊಂಡು ಮೇಲೆ ಬರುತ್ತಿತ್ತು, ಓರೆಯಾಗಿ ಕೂಡಿಸಿದ ಅಲಗು ಅದನ್ನು ಬಳಿದು ಡಬ್ಬಿಗೆ ಬಿಡುತ್ತಿತ್ತು. ಆ ಓರೆ ಅಲಗೇ ನೀನು ಹೊಸದಾಗಿ ಕಂಡುಹಿಡಿದದ್ದು. ನಾನು ಚೌಕಟ್ಟಿಗೆ ಬೆಸುಗೆ ಹಾಕಿದ್ದೆ, ಅಷ್ಟೇ.

ಆಯುಧಪೂಜೆಯ ದಿನ ನೀನು ಅದಕ್ಕೆ ಗೋಣಿಚೀಲ ಹೊದಿಸಿದ್ದೆ. “ಅರ್ಜಿ ಹೋಗೂತನಕ ಯಾರಿಗೂ ತೋರಸಬ್ಯಾಡ ಅಂದಾರ ವಕೀಲ್ರು, ಈರಣ್ಣ.”

“ಮುಚ್ಚಿಟ್ಟ ಮಷೀನಿಗೆ ಹೆಂಗ ಪೂಜಿ ಮಾಡ್ಲೋ? ನಾಕ್ ಮಂದಿ ನೋಡ್ಲಿ ಬಿಡು. ದೃಷ್ಟಿ ಆದ್ರ ಇನ್ನೊಂದ್ ನಿಂಬಿಹಣ್ಣ ಕಟ್ಟೂಣು!” ಎಂದು ನಾನೇ ಚೀಲ ಎಳೆದೆ, ಚಾಲೂ ಮಾಡಿದೆ, ಓಣಿಯವರನ್ನೆಲ್ಲ ಕರೆದೆ. ಆಗ ನನ್ನಲ್ಲಿ ಕಪಟವಿರಲಿಲ್ಲ, ಖರೇ. ಯಂತ್ರಕ್ಕೆ ಚೆಂಡುಹೂ ಹಾಕಿ, ನಿನ್ನ ಹೆಗಲ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡೆ.

ಮುಂದಿನ ತಿಂಗಳು ಅರ್ಜಿ ಹೋಯಿತು. ಅದರಲ್ಲಿ ನಿನ್ನ ಹೆಸರೊಂದೇ ಇತ್ತು — ಇರಬೇಕಾದದ್ದೂ ಹಾಗೆಯೇ. ನನಗೆ ಮಾತ್ರ... ಹೊಟ್ಟೆಕಿಚ್ಚು, ಮತ್ತೇನಿಲ್ಲ. ನಿನ್ನ ಅರ್ಜಿಗೆ ಒಂದು ಕಾರ್ಖಾನೆ ತಕರಾರು ಹಾಕಿತ್ತು; ಅಲ್ಲಿಯವನೊಬ್ಬ ಶೆಡ್ಡಿಗೆ ಬಂದು, ಅರ್ಜಿಗೆ ಮೊದಲೇ ಇದನ್ನು ಯಾರಾದರೂ ನೋಡಿದ್ದರೇ ಎಂದು ಕೇಳಿದ. ಒಳಗೆ ಹೋಗಿ ಫೋಟೋ ತಂದೆ. ಅಲಗು ಸ್ಪಷ್ಟವಾಗಿ ಕಾಣುತ್ತಿತ್ತು, ಮೂಲೆಯಲ್ಲಿ ತಾರೀಖೂ ಇತ್ತು. ನಾನು ನಿಂತಿದ್ದ ಭಾಗವನ್ನು ಕತ್ತರಿಸಿಕೊಂಡು, ನೀನೂ ಯಂತ್ರವೂ ಇದ್ದ ಭಾಗವನ್ನು ಕೊಟ್ಟೆ. ಮೊದಲೇ ಊರಿಗೆ ತೋರಿಸಿದ್ದು ಹೊಸದಲ್ಲ ಎಂದು ನಿನ್ನ ಅರ್ಜಿಯನ್ನು ತಳ್ಳಿಹಾಕಿದರು.

ಆ ಫೋಟೋ ಲಗತ್ತಿಸಿದ್ದ ತಕರಾರಿನ ಕಾಗದಪತ್ರ ನೋಡಿ ಬಂದು ನೀನು ಅಂದದ್ದು ಇಷ್ಟೇ: “ತಪ್ಪ ನಂದ ಐತಿ, ಈರಣ್ಣ. ಚೀಲ ನಾ ಗಟ್ಟಿ ಬಿಗೀಬೇಕಾಗಿತ್ತು.” ನಾನು ಹೂಂ ಅಂದೆ. ಛೀ, ಹೂಂ ಅಂದೆ! ಆ ವಾರವೇ ನೀನು ಲೇಥು ಕಿತ್ತುಕೊಂಡು ಬ್ಯಾಡಗಿಗೆ ಹೋದೆ.

ಈಗ ಶೆಡ್ಡಿನಲ್ಲಿ ನಾನೊಬ್ಬನೇ. ಚಹಾ ಎರಡು ಹೇಳುವ ಚಾಳಿ ಇನ್ನೂ ಹೋಗಿಲ್ಲ. ಒಂದು ಅಲ್ಲೇ ಆರುತ್ತದೆ.

ಕತ್ತರಿಸುವಾಗ ಒಂದನ್ನು ಬಿಡಬೇಕಾಯಿತು, ಮಾಬೂ — ನಿನ್ನ ಹೆಗಲ ಮೇಲಿನ ನನ್ನ ಕೈ. ಅದನ್ನು ತೆಗೆದರೆ ನಿನ್ನ ಹೆಗಲೂ ಹೋಗುತ್ತಿತ್ತು. ಬೆಸುಗೆಯ ಕಿಡಿಗೆ ಸುಟ್ಟ ಈ ಹೆಬ್ಬೆರಳು... ಆ ಕಾಗದಪತ್ರದಲ್ಲಿ ನೀನು ಅದನ್ನು ನೋಡಿರಲೇಬೇಕು. ಯಾರ ಕೈ ಎಂದು ಒಂದು ದಿನವೂ ಕೇಳಲಿಲ್ಲ.

ಉಳಿದ ಅರ್ಧ ನನ್ನ ಕಿಸೆಯಲ್ಲಿದೆ. ನಾಳೆ ಮೊದಲ ಬಸ್ಸಿಗೆ ಬ್ಯಾಡಗಿಗೆ ಬರುತ್ತೇನೆ. ನೀನು ಬಾಗಿಲು ತೆರೆಯದಿದ್ದರೂ ಸರಿ, ಹೊರಗೆ ನಿಂತೇ ಹೇಳುತ್ತೇನೆ: ಆ ಕೈ ನನ್ನದು.