ಬಂದದ್ದು ಲೇತ್, ಲೇಪ ಅಲ್ಲ

ಗೆಳೆಯರೇ, ನಾನು ಕೊಂಡ ಹಳೇ ಲೇತ್ ಮಷಿನ್ ಇವತ್ತು ಕೇಣಿಯಿಂದ ಹಬ್ಬುವಾಡದ ಮನೆಗೆ ಸುಖವಾಗಿ ಬಂದು ಮುಟ್ಟಿತು. ಅದು ದೋಣಿ ಎಂಜಿನ್ ರಿಪೇರಿ ಮಾಡುವವರದು. ತುಕ್ಕು ಹಿಡಿಯದಿರಲೆಂದು ಮೈತುಂಬ ಮೀನೆಣ್ಣೆ ಬಳಿದಿದ್ದರು. ಅಷ್ಟು ಭಾರದ ಕಬ್ಬಿಣ ಇಳಿಸುವುದಕ್ಕಿಂತ ನನಗೆ ಹೆದರಿಕೆ ಪಕ್ಕದ ಮನೆಯ ಸುಮಿತ್ರಕ್ಕನದು. ಮಿಕ್ಸರ್ ಸದ್ದಿಗೂ ಜಗಳಕ್ಕೆ ಬರುವವರು ಅವರು.

ತಾಡಪಾಲು ಬಿಚ್ಚುವ ಮೊದಲೇ ಕಂಪೌಂಡಿನಾಚೆಯಿಂದ ಕೇಳಿದರು, "ಟೆಂಪೋದಲ್ಲಿ ಯಂತಾ ಬಂತು ತಮಾ?"

"ಲೇತ್, ಅಕ್ಕಾ" ಎಂದೆ, ಆದಷ್ಟು ಮೆಲ್ಲಗೆ.

ದಡದಡನೆ ಒಳಗೆ ಹೋದರು. ಗಂಡನನ್ನು ಕರೆತರಲು ಹೋದರೆಂದುಕೊಂಡರೆ, ಪಾತ್ರೆ ಹಿಡಿದು ಬಂದರು!

"ಲೇಪ ತಾಜಾ ಇದ್ಯಾ? ವಾಸನೆ ಒಳಗಿನವರೆಗೆ ಬಂತು. ನಾಲ್ಕು ಹಾಕು."

ನಮ್ಮ ಕಡೆ ಲೇಪ ಅಂದರೆ ಒಂದು ಚಪ್ಪಟೆ ಮೀನು. ತಾಡಪಾಲು ಎತ್ತಿ ತೋರಿಸಿದೆ. ಕಬ್ಬಿಣ ಮುಟ್ಟಿ, ಬೆರಳು ಮೂಸಿ ನೋಡಿದರು.

"ಇದು ಯಂತಕ್ಕೆ?"

"ಕಬ್ಬಿಣ ಕಡೆಯೂಕೆ ಅಕ್ಕಾ. ಸ್ವಲ್ಪ ಸದ್ದು ಬರ್ತದೆ."

"ಬರ್ಲಿ ಬಿಡು. ನಮ್ಮನೆ ಮೀನು ಕೊಯ್ಯು ಮೆಟ್ಟುಗತ್ತಿ ಮೊಂಡಾಗಿದೆ. ಇದ್ರಲ್ಲೇ ಹರಿತ ಮಾಡ್ಕೊಡು."

ಅಬ್ಬಾ, ಎದೆ ಹಗುರಾಯಿತು. ಲೇತಿನಲ್ಲಿ ಮೆಟ್ಟುಗತ್ತಿ ಮಸೆಯಲು ಬರುವುದಿಲ್ಲ. ಅದನ್ನು ಅವರಿಗೆ ಹೇಳುವಷ್ಟು ದಡ್ಡ ನಾನಲ್ಲ. ಸಂಜೆ ಲೇತನ್ನು ಜೋರಾಗಿ ಚಾಲೂ ಮಾಡಿಟ್ಟು, ಪಕ್ಕದಲ್ಲಿ ಕೂತು ಸಾಣೆಕಲ್ಲಿಗೆ ಮಸೆದು ಕೊಟ್ಟೆ.