ನಾನು ಮುರಿದ ತುಂಡು, ಅಣ್ಣ ಹತ್ತಿದ ಬೋಟು

ನನ್ನ ಕೆಲಸ ಮುರಿಯುವುದು. ನವಿ ಮುಂಬಯಿಯ ಒಂದು ಟೆಸ್ಟಿಂಗ್ ಲ್ಯಾಬಿನಲ್ಲಿ ಫೈಬರ್ ಬೋಟುಗಳ ಜೋಡಣೆಯ ಮಾದರಿ ತುಂಡುಗಳನ್ನು ಯಂತ್ರಕ್ಕೆ ಕಚ್ಚಿಸಿ, ಎಳೆದು, ಎಷ್ಟು ಜಗ್ಗಿದರೆ ಬಿಟ್ಟುಕೊಳ್ಳುತ್ತವೆ ಎಂದು ನೋಡುತ್ತೇನೆ. ಬೋಟಿನ ತಳಕ್ಕೆ ಒಳಗಿನ ಅಡ್ಡಗೋಡೆ ಕೂರುವ ಮೂಲೆಯೇ ಎಲ್ಲಕ್ಕಿಂತ ಸೂಕ್ಷ್ಮ. ಅಲ್ಲಿ ಮೊಳೆಯಿಲ್ಲ, ಬೋಲ್ಟಿಲ್ಲ. ಗಾಜಿನ ನಾರಿನ ಬಟ್ಟೆಯನ್ನು ರೆಸಿನ್ ಎಂಬ ಅಂಟಿನಲ್ಲಿ ನೆನೆಸಿ ಪದರದ ಮೇಲೆ ಪದರ ಅಂಟಿಸಿರುತ್ತಾರೆ. ಅಷ್ಟೇ. ಆ ಅಂಟು ಬಿಟ್ಟರೆ ಸಮುದ್ರದಲ್ಲಿ ದೇವರೇ ಗತಿ.

ಆ ಸಲ ಬಂದ ತುಂಡುಗಳು ನಮ್ಮಣ್ಣ ಸೇರಲಿದ್ದ ಬೋಟಿನವು. ಅಣ್ಣ ಬೋಟಿನ ಎಂಜಿನ್ ಡ್ರೈವರ್. ದೂರದಲ್ಲಿ ಲಂಗರು ಹಾಕಿದ ಹಡಗುಗಳಿಗೆ ಕೆಲಸದವರನ್ನು ಮುಟ್ಟಿಸುವ ಹೊಸ ಬೋಟು ಅದು. ಹಳೆಯ ಕೆಲಸ ಹೋಗಿ, ಡೊಂಬಿವಲಿಯ ನಮ್ಮ ರೂಮಿನಲ್ಲಿ ಅಮ್ಮನ ಬೈಗುಳ ತಿನ್ನುತ್ತ ಕೂತಿದ್ದವನಿಗೆ ಕೊನೆಗೂ ಸಿಕ್ಕಿದ ಕೆಲಸ. ತುಂಡುಗಳೋ, ಚಿನ್ನದಂಥವು. ಬೇಕಾದ್ದಕ್ಕಿಂತ ಹೆಚ್ಚೇ ಜಗ್ಗಿಸಿಕೊಂಡು, ಚಿಟಚಿಟ ಎಂದು, ಆಮೇಲೆ ಮುರಿದವು. ಪಾಸ್ ಎಂದು ನಾನೇ ಸಹಿ ಹಾಕಿದೆ. ಪಾರ್ಟಿ ಕೊಡು ಎಂದು ಅಣ್ಣನನ್ನು ಕಾಡಿದೆ ಕೂಡ.

ಬೋಟು ನೀರಿಗಿಳಿಯುವ ಮೊದಲಿನ ಪೂಜೆಗೆ ಠಾಣೆ ನಗರದ ಮಾಜಿವಾಡಾದಲ್ಲಿ ರಿಕ್ಷಾ ಹಿಡಿದು, ಖಾಡಿ ಎನ್ನುವ ಹಿನ್ನೀರಿನ ಬದಿಯ, ಬೋಟು ಕಟ್ಟುವ ಯಾರ್ಡಿಗೆ ಹೋದೆ. ಪಕ್ಕದಲ್ಲಿ ಇನ್ನೊಂದು ಬೋಟು ತಯಾರಾಗುತ್ತಿತ್ತು. ಒಬ್ಬ ಅದರ ಮೂಲೆಯಲ್ಲಿ ಹೊಟ್ಟೆಯ ಮೇಲೆ ಮಲಗಿ, ಬೆವರು ಸುರಿಸುತ್ತ, ಕೈ ಎಟಕದ ಕಡೆ ಬ್ರಷ್ ಒತ್ತುತ್ತಿದ್ದ. ಲ್ಯಾಬಿಗೆ ಕಳಿಸುವ ತುಂಡನ್ನೂ ಹೀಗೇ ಮಾಡ್ತೀರಾ ಎಂದು ಸೂಪರ್‌ವೈಸರನ್ನು ಕೇಳಿದೆ. ಅವನಿಗೆ ಅವಮಾನವೇ ಆದಂತಾಯಿತು. ಛೇ, ಅದನ್ನು ಎಸಿ ರೂಮಿನಲ್ಲಿ, ಮೇಜಿನ ಮೇಲೆ, ನಮ್ಮ ಒಳ್ಳೇ ಕೈಯವನಿಂದ ಮಾಡಿಸ್ತೇವೆ ಎಂದ. ಹೆಣ್ಣು ನೋಡಲು ಬಂದವರಿಗೆ ಮಾಡುವ ಶಿರಾದ ಹಾಗೆ. ಮೋಸವೆಂದು ಅವನ ತಲೆಗೆ ಹೊಳೆದೂ ಇರಲಿಲ್ಲ. ಎಲ್ಲ ಯಾರ್ಡಿನವರೂ ಹಾಗೇ ಮಾಡುತ್ತಾರೆ.

ಅಣ್ಣನ ಬೋಟಿನೊಳಗೆ ಇಳಿದು, ಪರ್ಸಿನಿಂದ ಒಂದು ನಾಣ್ಯ ತೆಗೆದು ಜೋಡಣೆಯ ಉದ್ದಕ್ಕೂ ಬಡಿಯುತ್ತ ಹೋದೆ. ಗಟ್ಟಿಯಾಗಿ ಅಂಟಿದ್ದರೆ ಟಣ್ ಎನ್ನುತ್ತದೆ. ಎಂಜಿನ್ ಹಿಂದಿನ ಮೂಲೆಯಲ್ಲಿ ಅಂಗೈಯಗಲ ಜಾಗ ಡಬ್ ಎಂದಿತು. ಒಳಗೆ ಪದರ ಬಿಟ್ಟಿದೆ. ಮಾರ್ಕರಿನಿಂದ ಅದರ ಸುತ್ತ ಗೆರೆ ಎಳೆದೆ.

ಸೂಪರ್‌ವೈಸರ್, ಅಲ್ಲಿ ಪೇಂಟು ದಪ್ಪ ಇದೆ, ಅದಕ್ಕೇ ಹಾಗೆ ಸದ್ದು ಅಂದ. ನಮ್ಮ ಲ್ಯಾಬಿನ ಬಾಸ್ ವಿಜಯಪುರದವರು, ಒಳ್ಳೆಯವರು. ಬಂದ ತುಂಡಿನ ಬಗ್ಗೆ ಹೇಳುವುದಷ್ಟೇ ನಮ್ಮ ಕೆಲಸ, ಬೋಟು ನಮ್ಮ ಲ್ಯಾಬಿಗೆ ಬಂದೇ ಇಲ್ಲವಲ್ಲ ಎಂದರು. ಅವರು ಹೇಳಿದ್ದು ಸರಿ, ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಬೋಟಿಗೆ ಒಪ್ಪಿಗೆ ಕೊಟ್ಟ ಸರ್ವೇಯರರಿಗೆ ಮೇಲ್ ಹಾಕಿದೆ. ಜೋಡಣೆ ಪರೀಕ್ಷೆಯಾಗಿದೆ, ಚಿಂತೆ ಬೇಡ ಎಂದು ಉತ್ತರ ಬಂತು. ಜೊತೆಗೆ ಲಗತ್ತಿಸಿದ್ದು ನನ್ನದೇ ರಿಪೋರ್ಟು.

ಅಷ್ಟರಲ್ಲಿ ಅಣ್ಣ, ಈ ಬೋಟನ್ನು ನನ್ನ ತಂಗಿಯೇ ಪಾಸ್ ಮಾಡಿದ್ದು ಎಂದು ಜೊತೆಯವರಿಗೆಲ್ಲ ಸಾರಿಕೊಂಡು ಬಂದಿದ್ದ. ಅವನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಪಾಸಾದದ್ದು ತುಂಡು, ಬೋಟಲ್ಲ ಎಂದೆ.

ಅವನು, "ತುಂಡು ಮುರಿದೇ ಹೋಯ್ತಲ್ಲ ಮಾರಾಯ್ತಿ," ಅಂದ. "ನಂಗೆ ಇರೋದು ಈ ಬೋಟೇ."

ನಾನು ಆ ನಾಣ್ಯವನ್ನು ಅವನ ಕೈಗೆ ಕೊಟ್ಟು, ಹೊರಡುವ ಮೊದಲು ದಿನಾ ಬಡಿದು ನೋಡು ಎಂದೆ. ಇನ್ನೇನು ಮಾಡಲಿ? ಅವನು ನಗುತ್ತಲೇ ಜೇಬಿಗಿಳಿಸಿದ. ಬೆಳಿಗ್ಗೆ ನಾನು ಠಾಣೆಯಲ್ಲಿ ಟ್ರೇನ್ ಬದಲಿಸುವ ಹೊತ್ತಿಗೆ ಅವನ ಫೋನು ಬರುತ್ತಿತ್ತು. ಎಲ್ಲ ಹಾಗೇ ಉಂಟು, ನೀನು ತಿಂಡಿ ತಿಂದ್ಯಾ ಎನ್ನುತ್ತಿದ್ದ. ಮಳೆಗಾಲ ಕಳೆದ ಮೇಲೆ ಒಂದು ದಿನ ಅವನ ದನಿ ಸಣ್ಣಗಿತ್ತು.

"ಗೆರೆ ದಾಟಿ ಆಚೆಗೂ ಡಬ್ ಅಂತದೆ," ಅಂದ. "ಏನೂ ಆಗೋದಿಲ್ಲ ಅಲ್ವಾ? ಆಗೋದಿಲ್ಲ ಅಂತ ಹೇಳು."

ಇಳಿದು ಬಾ ಎಂದೆ. ಪ್ಲಾಟ್‌ಫಾರ್ಮಿನಲ್ಲಿ ಜನ ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ. ಜನ ಹತ್ತಿ ಆಗಿದೆ, ಸಂಜೆ ಮಾತಾಡುವ ಎಂದ. ಫೋನು ಇಡುವ ಮೊದಲು ಎಂಜಿನ್ ಶುರುವಾದ ಸದ್ದು ಕೇಳಿತು. ಶುರು ಮಾಡಿದವನು ಅವನೇ.