ಗ್ರೊಂಪರ್‌ನ ವಂಶಾವಳಿ

ಬೆಳಕು ಹರಿಯುವ ಮುಂಚೆಯೇ ಲಿಸ್ಸಿ ಒಲೆಯ ಬೂದಿ ತೆಗೆದು, ಕೋಳಿಗಳನ್ನು ಗೂಡಿನಿಂದ ಬಿಟ್ಟು, ಗಂಡ ಜೆಂಪಿಯ ಬಿಳಿ ಅಂಗಿಗೆ ಇಸ್ತ್ರಿ ಹಾಕಿ, ಅತ್ತೆಗೆ ಕಾಫಿಯಲ್ಲಿ ಅದ್ದಿದ ಬ್ರೆಡ್ಡು ತಿನ್ನಿಸಿ, ಆಲೂಗಡ್ಡೆ ಬುಟ್ಟಿಯ ಮುಂದೆ ಕೂತಿದ್ದಳು. ಜೆಂಪಿ ಎದ್ದದ್ದು ಆಮೇಲೆ. ಅವನಿಗೂ ಆ ದಿನ ಆಲೂಗಡ್ಡೆಯದೇ ಕೆಲಸ, ಸಿಪ್ಪೆಯ ತಂಟೆಯೊಂದಿರಲಿಲ್ಲ.

ತಮ್ಮ ಲಕ್ಸೆಂಬರ್ಗಿಶ್ ಮಾತಿನಲ್ಲಿ ಆಲೂಗಡ್ಡೆಗಿರುವ ‘ಗ್ರೊಂಪರ್’ ಎಂಬ ಹೆಸರಿನ ಮೂಲ ಹುಡುಕುವ ಹುಚ್ಚು, ರೈಲ್ವೆಯಿಂದ ನಿವೃತ್ತನಾದಾಗಿನಿಂದ ಅವನಿಗೆ ಹಿಡಿದಿತ್ತು. ಮಧ್ಯಾಹ್ನ ಊರ ಸಭಾಭವನದಲ್ಲಿ, ಭಾಷಾಭಿಮಾನಿಗಳ ಸಂಘದ ಮುಂದೆ, ಅದರ ಮೇಲೆಯೇ ಅವನ ಭಾಷಣ. ಆಮೇಲೆ ಸಂಘದ ಪದ್ಧತಿಯಂತೆ ವೈನು, ಜೊತೆಗೆ ತುರಿದ ಆಲೂಗಡ್ಡೆಯ ವಡೆ. ಯಾರು ಕರಿಯಬೇಕೆಂದು ಸಂಘದ ಯಾವ ಗಂಡಸೂ ಕೇಳಲಿಲ್ಲ. ಭಾಷಣ ಯಾರದೋ, ವಡೆ ಅವನ ಹೆಂಡತಿಯದು, ಅಷ್ಟೆ.

ಚಳಿಗಾಲವೆಲ್ಲ ಜೆಂಪಿ ಭಾಷಣವನ್ನು ಅಡುಗೆಮನೆಯಲ್ಲೇ ಓದಿ ತಿದ್ದಿದ್ದ. ಕೊನೆಗೆ ಬರುವಷ್ಟರಲ್ಲಿ ಹಾಲು ಉಕ್ಕುತ್ತಿತ್ತು, ಇಲ್ಲವೇ ಅತ್ತೆ ಕೂಗುತ್ತಿದ್ದರು. ಆ ಪದದ ಕಥೆ ಹೇಗೆ ಮುಗಿಯುತ್ತದೆಂದು ಲಿಸ್ಸಿಗೆ ಈಗಲೂ ಗೊತ್ತಿರಲಿಲ್ಲ. ಇವತ್ತಾದರೂ ಕುರ್ಚಿಯಲ್ಲಿ ಕೂತು ಕೊನೆತನಕ ಕೇಳಬೇಕೆಂಬ ಆಸೆ ಅವಳಿಗೆ.

“ನಾನು ಮುಗಿಸೋ ಹೊತ್ತಿಗೆ ವಡೆ ಬಿಸಿಬಿಸಿ ಇರ್ಬೇಕು ನೋಡು,” ಎಂದ ಜೆಂಪಿ.

“ಹಾಗಾದ್ರೆ ನಾನು ಕೇಳೋದು ಯಾವಾಗ?”

“ನೀನು ಕೇಳ್ದೆ ಇರೋದೇನಿದೆ ಮಾರಾಯ್ತಿ? ಚಳಿಗಾಲ ಪೂರ್ತಿ ನಿನ್ನ ಮುಂದೇನೇ ಓದಿದೀನಲ್ಲ.”

“ನನ್ನ ಮುಂದೆ ಅಲ್ಲಪ್ಪ, ನನ್ನ ಬೆನ್ನ ಹಿಂದೆ.”

ಸಭಾಭವನದ ಅಡುಗೆಕೋಣೆಗೆ ಸಭೆಯ ಕಡೆ ಒಂದು ಕಿಟಕಿಯಿತ್ತು. ಲಿಸ್ಸಿ ಕರಿಯುತ್ತಿದ್ದಳು, ಪಕ್ಕದ ಮನೆಯ ಓದೆಟ್ ಈರುಳ್ಳಿ ಹೆಚ್ಚುತ್ತಿದ್ದಳು. ಜೆಂಪಿಯ ದನಿ ಕೇಳಿಬಂತು: “ಅಮೆರಿಕದಿಂದ ಬಂದ ಈ ಗಡ್ಡೆಗೆ ನಮ್ಮಲ್ಲಿ ಹೆಸರೇ ಇರಲಿಲ್ಲ. ಗ್ರೊಂಡ್ ಅಂದರೆ ನೆಲ, ಬಿರ್ ಅಂದರೆ ಪಿಯರ್ ಹಣ್ಣು. ನೆಲದ ಪಿಯರ್ ಅಂತ ನಮ್ಮ ಹಿರಿಯರು ಹೆಸರಿಟ್ಟರು. ಅದೇ ಬಾಯಿಂದ ಬಾಯಿಗೆ ಸವೆದು ಗ್ರೊಂಪರ್ ಆಯಿತು.”

“ಹೆಸರಿಟ್ಟು ಊಟಕ್ಕೆ ಕೂತಿರ್ತಾರೆ ನಿಮ್ಮ ಹಿರಿಯರು,” ಎಂದಳು ಓದೆಟ್.

“ಸಿಪ್ಪೆ ತೆಗೆದವಳು ಅದನ್ನ ಏನಂತ ಕರೆದಳೋ, ಅದು ಭಾಷಣದಲ್ಲಿಲ್ಲ.”

“ಸಭೇಲಿ ಹೇಳೋ ಮಾತಾಗಿರಲ್ಲ ಬಿಡು ಅದು.”

ನಗುತ್ತಲೇ ಓದೆಟ್ ಲೋಟ ಜೋಡಿಸಲು ಹೋದಳು. ಲಿಸ್ಸಿ ಒಬ್ಬಳೇ ಉಳಿದಳು. ಬೋಗುಣಿಯಲ್ಲಿ ಇನ್ನೂ ಅರ್ಧ ಹಿಟ್ಟಿತ್ತು. ಬಾಣಲೆಯಲ್ಲಿ ವಡೆಗಳು ಮಗುಚುವ ಹದಕ್ಕೆ ಬಂದಿದ್ದವು.

“ಸೇಬು ಬಿಟ್ಟು ಪಿಯರನ್ನೇ ಯಾಕೆ ಆರಿಸಿಕೊಂಡರು?” ಜೆಂಪಿ ಗಂಟಲು ಸರಿಮಾಡಿಕೊಂಡ. “ಅದನ್ನೀಗ ಹೇಳುತ್ತೇನೆ.”

ಹಾಲು ಉಕ್ಕುತ್ತಿದ್ದದ್ದು ಸರಿಯಾಗಿ ಇಲ್ಲಿಗೇ.

ಲಿಸ್ಸಿ ಒಲೆ ಆರಿಸಿದಳು. ಒಂದೇ ಮಗ್ಗುಲು ಬೆಂದ ವಡೆಗಳನ್ನು ಎಣ್ಣೆಯಲ್ಲೇ ಬಿಟ್ಟು, ಏಪ್ರನ್ ಬಿಚ್ಚಿ, ಮುಂದಿನ ಸಾಲಿನ ಖಾಲಿ ಕುರ್ಚಿಯಲ್ಲಿ ಹೋಗಿ ಕೂತಳು.